ಎರಡು ಬೆರಳ ಸಡಿಲ

ಅಮಾಸಿ. ಕೌಲ್ ಬಜಾರಿನಲ್ಲಿ ಬಟ್ಟೆ ಕತ್ತರಿಸುವ ಮಿಷಿನ್ನು
ಇವತ್ತು ಬಾಯಿ ಮುಚ್ಚಿದೆ.
ಓಣಿಯ ಗಾಡಿಗಳಿಗೆಲ್ಲ ನಿಂಬೆಹಣ್ಣು, ಕುಂಕುಮ,
ಹೆಡ್‌ಲೈಟಿನ ಹಣೆಗೆ ಮೂರೆಳೆ ವಿಭೂತಿ.
ಚೈನಿಗೆ ಯಾರೂ ಕೈಮುಗಿಯುವುದಿಲ್ಲ.

ವಾರದಿಂದ ಟಕ್ ಟಕ್ ಅನ್ನುತ್ತಿತ್ತು.
ಡಬಲ್ ಸ್ಟ್ಯಾಂಡ್ ಹಾಕಿ, ಗೋಣಿಚೀಲ ಹಾಸಿ ಕುಳಿತೆ.
ಅರ್ಧ ಬಾಟಲಿ ಸೀಮೆಎಣ್ಣೆ, ಪಕ್ಕದ ಮನೆಯ ಸ್ಟೋವಿನಿಂದ ಕಡ ತಂದದ್ದು;
ಮಗಳು ಬಿಸಾಕಿದ ಹಲ್ಲಿನ ಬ್ರಷ್ಷು;
ಜೀನ್ಸಿನ ಚೂರು. ನಮ್ಮಲ್ಲಿ
ಒರೆಸುವ ಬಟ್ಟೆಗೆ ಬರವಿಲ್ಲ.

ಉಳಿದ ದಿನ ನಾನು ಹೊರೆ ಹೊರುವವ.
ಕತ್ತರಿಸಿದ ಕಾಲು, ಜೇಬು, ಸೊಂಟಪಟ್ಟಿ, ಬೇರೆ ಬೇರೆ ಗಂಟು,
ಸಂಗನಕಲ್ಲು, ಮೋಕಾ, ಕಪ್ಪಗಲ್ಲು,
ಹೊಲಿಯುವವರ ಮನೆಮನೆಗೆ.
ಹೋಗುವಾಗ ಬರೀ ಕಾಲುಗಳು,
ಬರುವಾಗ ಅರ್ಧರ್ಧ ಮನುಷ್ಯರು.
ನನ್ನ ತಲೆಗಿಂತ ಎತ್ತರದ ಆ ನೀಲಿ ಗುಡ್ಡವನ್ನು
ಎಳೆಯುವುದು ಈ ನೂರಾ ಹದಿನಾರು ಕೊಂಡಿ.

ಎದುರಿನ ಕಟ್ಟೆಯ ಮೇಲೆ ಗಾದಿಲಿಂಗ, ಮುದಿ ಮೇಸ್ತ್ರಿ.
ಬಲಗೈಯ ತೋರುಬೆರಳು ಅವನಿಗೆ ಅರ್ಧವೇ.
ಹರೆಯದಲ್ಲಿ ಗೇರು ಹಾಕಿ, ಇಂಜಿನ್ ಓಡಲು ಬಿಟ್ಟು
ಚಿಂದಿಯಿಂದ ಚೈನು ಒರೆಸಲು ಹೋದವ.
ಚಿಂದಿ ಮೊದಲು ಹೋಯಿತು.
"ಬೆಳ್ಳು ಹೋದದ್ದು ಗೊತ್ತಾಗ್ಲಿಲ್ಲ.
ಚಾ ಗ್ಲಾಸು ಹಿಡಿಯೋವಾಗ ಗೊತ್ತಾತು."
ಅದಕ್ಕೇ ನನ್ನ ಗಾಡಿ ನ್ಯೂಟ್ರಲ್‌ನಲ್ಲಿ, ಕೀಲಿ ಜೇಬಿನಲ್ಲಿ.
ಚಕ್ರವನ್ನು ಕೈಯಲ್ಲೇ ತಿರುವುತ್ತೇನೆ
ಬೀಸುಕಲ್ಲಿನಷ್ಟು ನಿಧಾನ.

ಕವರು ಬಿಚ್ಚಿ, ಹಿಂದಿನ ಹಲ್ಲುಚಕ್ರದಿಂದ ಜಗ್ಗಿ ನೋಡಿದೆ.
ಹಲ್ಲಿನ ಕಾಲುಭಾಗ ಕಂಡಿತು. ಅರ್ಧ ಕಂಡರೆ ಹೊಸದು.
ತುದಿಗಳು ಇನ್ನೂ ಕುಡುಗೋಲಾಗಿಲ್ಲ.
ಇನ್ನೊಂದು ಮಳೆಗಾಲ ಬಂದೀತು, ಎಂದೆ.
"ಬಳ್ಳಾರ್ಯಾಗ ಮಳಿ ಲೆಕ್ಕ ಯಾಕ? ಧೂಳಿನ ಲೆಕ್ಕ ಹೇಳು."

ಧೂಳು. ಅದಿರಿನ ಲಾರಿಯದು ಕೆಂಪು, ಎರೆಹೊಲದ್ದು ಕಪ್ಪು,
ಎಣ್ಣೆ ಬೆರೆತ ಮೇಲೆ ಎರಡೂ ಒಂದೇ ಕುಲ:
ಉಕ್ಕನ್ನು ಸಾಣೆ ಹಿಡಿಯುವ ಹಿಟ್ಟು.

ಮುಂದಿನ ಮುಚ್ಚಳ ತೆಗೆಯದೆ ವರ್ಷವೆಷ್ಟಾಯಿತೋ.
ಎರಡೇ ಬೋಲ್ಟು.
ಒಳಗೆ ಮುಷ್ಟಿ ಗಾತ್ರದ ಕರಿ ಮುದ್ದೆ.
ಕೆರೆದರೆ ಒಂದು ಹಿತ್ತಾಳೆ ಗುಂಡಿ, ಜೋಳದ ರವದಿ,
ಮತ್ತೆ, ದಂಡಕ್ಕೆ ಸುತ್ತಿ ಸುತ್ತಿ ಬಿಗಿದ ದಾರ.
ಸೀಮೆಎಣ್ಣೆಯಲ್ಲಿ ಅದ್ದಿದೆ.
ಕಿತ್ತಳೆ ಬಣ್ಣ ಮೇಲೆ ಬಂತು.

ಬಂಗಾರದ ದಾರ ಎಲ್ಲರ ಹೊಲಿಗೆಯಲ್ಲೂ ಇರುತ್ತದೆ.
ಇಷ್ಟು ಕೆಂಪೇರಿದ ಕಿತ್ತಳೆ
ಕಪ್ಪಗಲ್ಲಿನ ಹುಸೇನಮ್ಮಳ ಒಂದು ಆರ್ಡರಿಗೆ ಮಾತ್ರ, ಹೋದ ಮೊಹರಂ ಮುಂದೆ.
ಒಂದು ಕೋನು ಕಡಿಮೆ ಐತಿ ಅಂದಳು.
ಎಣಿಸೇ ಕಟ್ಟೀನಿ ಅಂದೆ.
ಮಾತಿಗೆ ಮಾತು ಕೊಂಡಿ ಬಿತ್ತು.
ಅವಳ ಕೂಲಿಯಲ್ಲಿ ಎಂಬತ್ತೈದು ಮುರಿದೆ.
ಕೋನು ಹಾದಿಯಲ್ಲೆಲ್ಲೋ ಬಿದ್ದಿದೆ,
ದಾರ ನನ್ನ ಹತ್ತಿರವೇ ಇತ್ತು,
ಗೇರು ಒತ್ತುವ ಪಾದದಿಂದ ಗೇಣು ದೂರ.

ಬ್ರಷ್ಷು ಕೈಯಲ್ಲೇ ಉಳಿಯಿತು ಸ್ವಲ್ಪ ಹೊತ್ತು.

"ಯಾಕ ಕುಂತಿ? ಬಿಗಿ ನೋಡು."
ತಿರುವುತ್ತ ಒತ್ತಿದೆ: ಒಂದು ಕಡೆ ಮೂರು ಬೆರಳು ಆಡುತ್ತದೆ,
ಒಂದು ಕಡೆ ಒಂದೇ.
"ಬಿಗಿ ಇದ್ದಲ್ಲಿ ಅಳಿ. ಸಡ್ಲ ಇದ್ದಲ್ಲಿ ಅಳದು ಜಗ್ಗಿದ್ರ
ಬಿಗಿ ಇದ್ದಲ್ಲಿ ಹರೀತೈತಿ.
ಹೊರಿ ಏರಿದ್ಮ್ಯಾಲೆ ಅದು ತಾನ ಬಿಗೀತೈತಿ,
ಖಾಲಿ ಇದ್ದಾಗ ಎರಡು ಬೆಳ್ಳು ಬಿಡು."
ಅವನ ಎರಡೋ, ನನ್ನ ಎರಡೋ, ಕೇಳಲಿಲ್ಲ.

ಎಡಕ್ಕೆ ಮೂರು ಗೀರು, ಬಲಕ್ಕೆ ಮೂರು. ಅಚ್ಚಿನ ನಟ್ಟು ಬಿಗಿದೆ.
ಕ್ಲಿಪ್ಪಿನ ಮುಚ್ಚಿದ ತುದಿ ಓಟದ ಮುಂದಕ್ಕೆ,
ತೆರೆದ ಬಾಯಿ ಹಿಂದಕ್ಕೆ.
ಒಳಮಗ್ಗುಲಿಗೆ ಕೊಂಡಿಗೊಂದು ಹನಿ ಗೇರ್ ಆಯಿಲ್,
ಮೇಲೆ ನಿಂತದ್ದನ್ನು ಒರೆಸಿದೆ.
ಒಳಗಿಳಿದದ್ದಷ್ಟೇ ಎಣ್ಣೆ,
ಉಳಿದದ್ದು ಧೂಳಿಗೆ ಆಮಂತ್ರಣ.

ದಾರವನ್ನು ಬೆಂಕಿಕಡ್ಡಿಗೆ ಸುತ್ತಿ ಜೇಬಿಗಿಟ್ಟೆ.
ನಾಳೆ ಮೊದಲ ಗಂಟು ಕಪ್ಪಗಲ್ಲಿಗೆ.

ಓಣಿಯ ತುದಿಯತನಕ ಹೋಗಿ ತಿರುಗಿ ಬಂದೆ.
"ಸಪ್ಪಳ ಹೋತಾ?"
ಚೈನಿಂದು ಹೋತು, ಎಂದೆ.